ಹುರುಳಿ ಹಾಸಿದ ರಸ್ತೆ

ಸೋಮಣ್ಣನಿಗೆ ಡ್ರೈವಿಂಗ್ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಹರವೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಅವರು ಹೇಳದಿದ್ದರೆ ಸೋಮಣ್ಣನೇ ಹೇಳುತ್ತಾನೆ. ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಟೊಮೆಟೊ, ಕೋಸು ಲಾರಿಗೆ ತುಂಬಿಕೊಂಡು, ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಿ ಕೇರಳ ಮುಟ್ಟಿಸಿದ ಕೈ ಅದು. "ಅರ್ಧ ಡ್ರೈವಿಂಗು ಹಾರನ್ನಲ್ಲೈತೆ, ಇನ್ನರ್ಧ ಮಾದಪ್ಪನ ಕೈಲೈತೆ" ಅನ್ನುವುದು ಅವನ ಸಿದ್ಧಾಂತ. ಹಾಗಾದರೆ ಬ್ರೇಕು ಯಾರ ಪಾಲು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಬೆನ್ನುನೋವಿಗೆ ಲಾರಿ ಬಿಟ್ಟ ಮೇಲೆ ಒಂದು ಒಳ್ಳೆ ಕೆಲಸ ಕಣ್ಣಿಗೆ ಬಿದ್ದಿತ್ತು. ಕಾಡಿನಂಚಿನ ರೆಸಾರ್ಟಿನಲ್ಲಿ ಜೀಪು ಓಡಿಸೋದು. ಯೂನಿಫಾರಂ, ಮಧ್ಯಾಹ್ನದ ಊಟ. ಆದರೆ ಡ್ರೈವಿಂಗ್ ಸ್ಕೂಲಿನಲ್ಲಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ತರಬೇಕಂತೆ. ಇವತ್ತೇ ಕಡೇ ದಿನ. ಪಾಸಾಗದಿದ್ದರೆ ಕೆಲಸ ಬೇರೆಯವನ ಪಾಲು.

ಕಲಿಸುವವಳು ಯಾರು ಅಂತೀರಿ? ಉಡಿಗಾಲದ ಬೃಂದಾ! ಮೂಗು ಸುರಿಸಿಕೊಂಡು ಅವನ ಲಾರಿಗೆ ಟಾಟಾ ಮಾಡುತ್ತಿದ್ದ ಹುಡುಗಿ, ಈಗ ಚಾಮರಾಜನಗರದ ಡ್ರೈವಿಂಗ್ ಸ್ಕೂಲಿನ ಮೇಡಂ.

"ಮಾವ, ಬೆಲ್ಟು."

"ನಾನೇನು ಆಚ್ಗೆ ಬಿದ್ದೋಯ್ತಿನಾ ಕಣಮ್ಮಿ?"

"ಬಿದ್ಮೇಲೆ ಆಕ್ಕಳಕ್ಕಾಗಲ್ಲ ಮಾವ. ಅದ್ಕೇ ಮೊದ್ಲೇ."

ಬೆಲ್ಟು ಬಿಗಿದುಕೊಂಡ.

"ಪರೀಕ್ಷೆಗೆ ನಿಮ್ಮ ಹರವೆ ಕಡೆಗೇ ಹೋಗನ. ಗೊತ್ತಿರೋ ರಸ್ತೆ, ನಿಮ್ಗೂ ಸುಲಭ" ಅಂದಳು ಬೃಂದಾ.

ಸೋಮಣ್ಣನಿಗೆ ಇವತ್ತು ಆ ರಸ್ತೆಯೊಂದು ಬಿಟ್ಟು ಬೇರೆ ಯಾವುದಾದರೂ ಆಗುತ್ತಿತ್ತು. ಸುಗ್ಗಿ ಬಂತೆಂದರೆ ಈ ಕಡೆ ಡಾಂಬರು ರಸ್ತೆಯೇ ಒಕ್ಕಣೆಯ ಜಾಗ. ಇಲ್ಲಿಯವರು ಉಳ್ಳಿ ಅನ್ನುವ ಹುರುಳಿ ಗಿಡವನ್ನು ಕಿತ್ತು ರಸ್ತೆಗೆ ಹಾಸಿಬಿಟ್ಟರೆ ಆಯಿತು, ಬಸ್ಸು ಕಾರುಗಳೆಲ್ಲ ಪುಕ್ಕಟೆ ಆಳುಗಳು. ಯಾರೂ ಪಕ್ಕಕ್ಕೆ ತಪ್ಪಿಸಿಕೊಂಡು ಹೋಗದ ಹಾಗೆ ಉಳಿದರ್ಧ ರಸ್ತೆಗೆ ಕಲ್ಲು ಜೋಡಿಸುತ್ತಾರೆ. ಇವತ್ತು ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತುವ ಮುಂಚೆ ಸೋಮಣ್ಣನೂ ತನ್ನ ಹುರುಳಿ ಹಾಸಿ, ಕಲ್ಲು ಜೋಡಿಸಿಯೇ ಬಂದಿದ್ದ.

ದಾರಿಯುದ್ದಕ್ಕೂ ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತು, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಓಡಿಸಿದ. ಬೃಂದಾಳ ಮುಖ ಅರಳಿತ್ತು. ಅಷ್ಟರಲ್ಲಿ ದೂರದಲ್ಲಿ ಹುರುಳಿ ಕಂಡಿತು.

"ಮುಂದೆ ಏನೈತೆ ಮಾವ? ಡ್ರೈವರಾಗಿ ನೋಡಿ ಹೇಳಿ."

ಪಾಸಾಗಲೇಬೇಕಲ್ಲ! ಸೋಮಣ್ಣ ಗಂಟಲು ಸರಿಮಾಡಿಕೊಂಡ. "ಅಪಾಯ ಕಣಮ್ಮಿ! ಸ್ಕೂಟರ್‌ನೋರು ಜಾರಿಬಿದ್ರೆ ಗತಿ ಏನು? ಪಕ್ಕಕ್ಕೆ ಕಲ್ಲು ಬೇರೆ ಮಡಗವ್ರೆ ನನ್ಮಕ್ಳು. ಮೊದ್ಲು ಇಂಥೋರ್ಗೆ ಕೊಡ್ಬೇಕು ನಿನ್ ಟ್ರೈನಿಂಗು!"

"ಸರ್ಯಾಗೇಳುದ್ರಿ. ಈಗ ನಿಧಾನ ಮಾಡಿ."

ನಿಧಾನ ಮಾಡುತ್ತಿದ್ದನೇನೋ. ಆದರೆ ಕೋಲಿನಲ್ಲಿ ಹುರುಳಿ ತಿರುವಿ ಹಾಕುತ್ತಿದ್ದ ಹೆಂಡತಿ ಪುಟ್ಟಮಾದಮ್ಮ ಗಂಡನನ್ನು ಗುರುತು ಹಿಡಿದು ಕೈ ಬೀಸಿದಳು: "ಬಾ ಬಾ, ಬಿರ್ನೆ ತುಳುಸ್ಕೊಂಡೋಗು!"

ಇಷ್ಟು ವರ್ಷದ ಅಭ್ಯಾಸ. ಕೈ ಹಾರನ್ನಿಗೆ ಹೋಯಿತು, ಕಾಲು ಆಕ್ಸಿಲರೇಟರಿಗೆ. ಅದೇ ಹೊತ್ತಿಗೆ ಎದುರಿನಿಂದ ಒಂದು ಸ್ಕೂಟರ್ ಕಲ್ಲುಗಳ ಸಂದಿಯಿಂದ ಓಲಾಡುತ್ತ ಅಡ್ಡ ಬಂತು. ಸೋಮಣ್ಣ ಬ್ರೇಕ್ ಒತ್ತಿದ. ಬೃಂದಾ ತನ್ನ ಕಡೆಯ ಬ್ರೇಕನ್ನೂ ಒತ್ತಿದಳು. ಹುರುಳಿಗೆ ಅದೆಲ್ಲ ಗೊತ್ತೆ? ಸೋಪು ಹಚ್ಚಿದ ಹಾಗೆ ಕಾರು ಸುಯ್ಯೆಂದು ಜಾರಿ, ಸ್ಕೂಟರನ್ನು ಕೂದಲೆಳೆಯಲ್ಲಿ ತಪ್ಪಿಸಿ, ಪುಟ್ಟಮಾದಮ್ಮನ ಕೈಯಲ್ಲಿದ್ದ ಕೋಲನ್ನು ಲಟಕ್ಕೆಂದು ಮುರಿದು, ಅವಳ ಸೀರೆಯ ಅಂಚಿಗೆ ಬಂದು ನಿಂತಿತು.

ಪುಟ್ಟಮಾದಮ್ಮ ಕೈಯಲ್ಲುಳಿದ ಅರ್ಧ ಕೋಲನ್ನು ಬಾನೆಟ್ಟಿಗೆ ಕುಟ್ಟಿದಳು.

"ನಿನ್ ಕೈ ಸೇದೋಗ! ಸರ್ಟಿಫಿಕೇಟ್ ತಕ್ಕಬತ್ತಿನಿ ಅಂತೋದೋನು ನನ್ ಪ್ರಾಣ ತಗಿಯಕ್ ಬಂದ್ಯಾ? ಒತ್ತಾರೆ ಅಷ್ಟೊಂದು ಕಲ್ಲ ಒತ್ತು ಮಡಗ್ಬುಟ್ಟು, ಈಗ ನನ್ ಮ್ಯಾಲೇ ಬತ್ತಿಯಾ?"

ಬೃಂದಾ ಮೆಲ್ಲಗೆ ತಿರುಗಿದಳು. "ಕಲ್ಲು ಮಡಗಿದ್ದು ನೀವೇಯಾ ಮಾವ?"

ಸೋಮಣ್ಣ ಬಂಪರಿಗೆ ತಾಗಿದ್ದ ಹೆಂಡತಿಯ ಸೀರೆಯ ಅಂಚನ್ನೇ ನೋಡುತ್ತ ಹ್ಯಾಂಡ್‌ಬ್ರೇಕ್ ಎಳೆದ.

"ಇವತ್ತು ಪಾಸ್ ಮಾಡಕ್ಕಾಗಲ್ಲ ಮಾವ."

"ಬ್ಯಾಡ ಬುಡವ್ವ" ಅಂದವನೇ ಇಳಿದು, ಕಲ್ಲುಗಳನ್ನು ಒಂದೊಂದಾಗಿ ಬದುವಿಗೆ ಹೊರತೊಡಗಿದ.

"ಇನ್ನೂ ಅರ್ಧ ಉಳ್ಳಿ ಒಡ್ದೇ ಇಲ್ಲ!" ಪುಟ್ಟಮಾದಮ್ಮ ಕೂಗಿದಳು.

"ಒಲದಲ್ಲಿ ಆಕ್ಕಂಡು ಕೋಲಲ್ ಬಡಿಯನ."

"ಇದ್ದೊಂದ್ ಕೋಲ್ನೂ ಮುರ್ದಾಕ್ದಲ್ಲ!"

ಅಷ್ಟರಲ್ಲಿ ಗುಂಡ್ಲುಪೇಟೆ ಬಸ್ಸು ಭರ್ರೆಂದು ಬಂದು ನಿಂತಿತು. ಡ್ರೈವರ್ ನೀಲಕಂಠಸ್ವಾಮಿ, ಸೋಮಣ್ಣನ ಹಳೆಯ ಗೆಳೆಯ, ತಲೆ ಹೊರಗೆ ಹಾಕಿದ. "ಯಾಕ್ಲಾ ಸೋಮ, ಕಲ್ಲ ಎತ್ತಾಕ್ತಿದ್ದೀಯ? ನಿನ್ ಉಳ್ಳಿ ತುಳಿಯವಾ ಅಂತ್ಲೇ ಸ್ಪೀಡಾಗ್ ಬಂದಿವ್ನಿ ಕಣ್ಲಾ!"

ಸೋಮಣ್ಣ ಎದೆಗವಚಿಕೊಂಡ ಕಲ್ಲಿನ ಸಮೇತ ರಸ್ತೆಯ ನಡುವೆ ನಿಂತ. "ನಿಧಾನಕ್ಕೋಗ್ಲಾ. ಎಂಗಸ್ರು ಮಕ್ಳು ಓಡಾಡೋ ರಸ್ತೆ."

ನೀಲಕಂಠಸ್ವಾಮಿ ಅವನನ್ನು ಮೇಲಿಂದ ಕೆಳಗೆ ನೋಡಿ ಕಂಡಕ್ಟರಿಗೆ ಹೇಳಿದ: "ಪಾಪ, ಒಳ್ಳೆ ಡ್ರೈವರಾಗಿದ್ದ ಕಣಯ್ಯ. ಟ್ರೈನಿಂಗ್‌ಗೋಗಿ ಕೆಟ್ಟೋದ."