ಹೊಕ್ಕುಳಬಳ್ಳಿಯ ಎರಡು ನಿಮಿಷ

ಅಲ್ಲಾಡುತ್ತಲೇ ಇದೆ ತಕ್ಕಡಿಯ ಮುಳ್ಳು, ಒಂದು ಕಡೆ ನಿಲ್ಲಬಾರದೇ, ಹಿಂದೆ ಸರಿಯುತ್ತದೆ, ಮತ್ತೆ ಮುಂದೆ — ನಿಂತರೂ ಅಷ್ಟೇ, ಕಣ್ಣಿಗೇ ಕಾಣುತ್ತಿದೆಯಲ್ಲ, ರಕ್ತದ ಚೀಲ ಅರ್ಧವೂ ತುಂಬಿಲ್ಲ, ಬೆರಳಲ್ಲಿ ತಟ್ಟಿದರೆ ಹೆಚ್ಚಾಗುತ್ತದೆಯೇ ಪುಷ್ಪಾ, ಇಪ್ಪತ್ತೆರಡು ವರ್ಷ ಹೆರಿಗೆ ಮಾಡಿಸಿದ ನರ್ಸು ನೀನು, ಎಂಬತ್ತು ಎಂಎಲ್ ಬೇಕು ಅಂದಿದ್ದರು ಚೆನ್ನೈನ ದೊಡ್ಡಾಸ್ಪತ್ರೆಯವರು, ಇಲ್ಲಿರುವುದು ಮೂವತ್ತೆಂಟು. ಇನ್ನೂ ಬೆಚ್ಚಗಿದೆ. ಈ ಹೊಕ್ಕುಳಬಳ್ಳಿಯ ರಕ್ತದಲ್ಲಿ ಮೂಲಕೋಶ ಇರುತ್ತೆ, ಅವು ಈ ಮಗುವಿನ ಅಕ್ಕ ವಳ್ಳಿಯ ಮೂಳೆಯೊಳಗೆ ಹೋಗಿ ನೆಲೆ ನಿಂತರೆ ಅವಳ ಮೈಯೇ ಒಳ್ಳೇ ರಕ್ತ ಮಾಡಿಕೊಳ್ಳುತ್ತೆ, ಅಂತ ಡಾಕ್ಟರ್ ತೇನ್ಮೊಳಿ ಚಿತ್ರ ಬರೆದು ತೋರಿಸಿದ್ದರು, ಎದುರಿಗೆ ವಳ್ಳಿಯ ಅಪ್ಪ ಅಮ್ಮ, ಕೆತ್ತಿ ಹಳ್ಳಿಯಲ್ಲಿ ಕ್ಯಾರೆಟ್ ಬೆಳೆಯುವ ನಂಜುಂಡೇಶ, ಬಸುರಿ ವೀಣಾ, ಅವನ ಉಗುರಲ್ಲಿ ಮಣ್ಣು, ತಲಸ್ಸೇಮಿಯಾ ಅನ್ನುವ ಪದ ಅವನ ಬಾಯಿಗೆ ಎಷ್ಟು ಸಲೀಸು ಈಗ, ಏಳು ವರ್ಷವಾಯಿತಲ್ಲ, ಮೂರು ವಾರಕ್ಕೊಮ್ಮೆ ಮಗಳನ್ನು ಕೂನೂರಿನ ಈ ಆಸ್ಪತ್ರೆಗೆ ಕರೆತಂದು ಯಾರದೋ ರಕ್ತ ಹತ್ತಿಸಿಕೊಂಡು ಹೋಗುವುದು, ಅವಳ ನರ ಸಿಗುವುದು ನನಗೊಬ್ಬಳಿಗೇ, ಪುಷ್ಪಾಂಟಿನೇ ಚುಚ್ಲಿ, ಬೇರೆಯವ್ರು ಬೇಡ, ಅನ್ನುತ್ತಾಳೆ. ಐದನೇ ತಿಂಗಳಲ್ಲಿ ವೀಣಾಳ ಹೊಟ್ಟೆಗೆ ಸೂಜಿ ಹಾಕಿ ನೋಡಿದರು, ಹುಟ್ಟುವವನಿಗೆ ಕಾಯಿಲೆಯಿಲ್ಲ, ಅಕ್ಕನಿಗೆ ಹೊಂದುತ್ತಾನೆ, ಅವತ್ತು ನಂಜುಂಡೇಶ ವಾರ್ಡಿಗೆಲ್ಲ ವರ್ಕಿ ಬಿಸ್ಕತ್ತು ಹಂಚಿದ್ದ.

ಅರ್ಧ ನಿಮಿಷ ಸಿಸ್ಟರ್, ಮಗು ಬಂದ ಅರ್ಧ ನಿಮಿಷದೊಳಗೆ ಬಳ್ಳಿಗೆ ಕ್ಲಾಂಪ್ ಹಾಕಿಬಿಡಿ, ತಡವಾದಷ್ಟೂ ರಕ್ತ ಮಗುವಿನ ಮೈಗೇ ಹೋಗಿಬಿಡುತ್ತೆ — ಗೊತ್ತು ಡಾಕ್ಟರ್, ಅಂದಿದ್ದೆ. ಗೊತ್ತಿತ್ತು. ಗಡಿಯಾರದಲ್ಲಿ ಹತ್ತು ಇಪ್ಪತ್ತು, ಡಾಕ್ಟರ್ ಪಕ್ಕದ ಥಿಯೇಟರಿನಲ್ಲಿ ಇನ್ನೊಬ್ಬಳ ಸಿಸೇರಿಯನ್ನಿನಲ್ಲಿದ್ದಾರೆ, ಬಂದೇಬಿಟ್ಟ, ನೀಲಿಗೆ, ಮೆತ್ತಗೆ, ಅಳುವಿಲ್ಲ, ಟವೆಲ್ಲಿನಿಂದ ಬೆನ್ನು ಉಜ್ಜುತ್ತಿದ್ದೇನೆ, ಎರಡು ಬೆರಳು ಬಳ್ಳಿಯ ಮೇಲೆ, ಬಡಿಯುತ್ತಿದೆ, ಬಡ್ಕತ್ತಿರೋವಾಗ ಕುಯ್ಬ್ಯಾಡ ಕಣವ್ವ, ತಾಯಿ ಇನ್ನೂವೆ ಕೊಡ್ತಾವ್ಳೆ, ಕೂಸು ಈಸ್ಕತ್ತದೆ — ನನ್ನಜ್ಜಿ ನಂಜಿ, ಗುಂಡ್ಲುಪೇಟೆ ಕಡೆಯ ಸೂಲಗಿತ್ತಿ, ಬಳ್ಳಿ ಬೆಳ್ಳಗಾಗಿ ಸುಮ್ಮನಾಗುವವರೆಗೆ ಕುಡುಗೋಲು ಮುಟ್ಟುತ್ತಿರಲಿಲ್ಲ, ಸತ್ತು ಮೂವತ್ತು ವರ್ಷವಾಯಿತು. ಹುಡುಗ ಅತ್ತ. ಮುಕ್ಕಾಲು ನಿಮಿಷಕ್ಕೇ ಅತ್ತನಲ್ಲ, ಅಲ್ಲಿಯವರೆಗೆ ಕಾದದ್ದಕ್ಕೆ ಯಾರೂ ಏನೂ ಅನ್ನುವಂತಿಲ್ಲ, ಆಮೇಲೆ? ಕ್ಲಾಂಪ್ ಕೈಯಲ್ಲೇ ಇತ್ತು, ಹಾಕುವಾಗ ಎರಡು ನಿಮಿಷ, ಗಡಿಯಾರ ನೋಡುತ್ತಲೇ ಇದ್ದೆ, ಅಜ್ಜಿಯ ತಲೆಗೆ ಕಟ್ಟಬೇಡ, ಸಿಟ್ಟಿತ್ತು ನಿನಗೆ, ತಿಂಗಳುಗಟ್ಟಲೆ ಆ ಮನೆಯವರ ಬಾಯಲ್ಲಿ ಚೀಲದ ಮಾತೇ, ಹುಟ್ಟುವವನನ್ನು ಕೇಳಿದವರಿಲ್ಲ, ಅವನಿಗೂ ಏನಾದರೂ ಇರಲಿ ಅನ್ನಿಸಿತು, ಅವನ ರಕ್ತ ಅವನಿಗೇ, ಒಂದು ನಿಮಿಷ ಹೆಚ್ಚಿಗೆ — ಯಾರಪ್ಪನ ಮನೆ ಗಂಟು ಅಂತ ಧಾರಾಳ ಮಾಡಿದೆ ಪುಷ್ಪಾ? ವಳ್ಳಿಯದು. ಕ್ಷಮಿಸು ಅನ್ನಲೂ ನಾಚಿಕೆಯಾಗುತ್ತದೆ.

ಕೊರೈವಾ ಇರುಕ್ಕೇ ಸಿಸ್ಟರ್, ಕಮ್ಮಿ ಇದೆಯಲ್ಲ, ಡಾಕ್ಟರ್ ಚೀಲ ಎತ್ತಿ ಬೆಳಕಿಗೆ ಹಿಡಿದರು, ಹೋಗ್ಲಿ, ಕೆಲವ್ರಿಗೆ ಬಳ್ಳೀನೇ ಸಣ್ಣ, ನೀವೇನು ಮಾಡೋಕಾಗುತ್ತೆ, ಕಳಿಸೋಣ, ಸಾಲದಿದ್ರೆ ಅವ್ರೇ ಹೇಳ್ತಾರೆ — ನೆಪವನ್ನು ಅವರೇ ತಂದು ಕೈಗಿಟ್ಟು ಹೋದರು, ಉಪ್ಪು ಹಾಕಿ ನೆಕ್ಕಬೇಕೇ ಈಗ ಇದನ್ನು. ಥರ್ಮೋಕೋಲ್ ಪೆಟ್ಟಿಗೆ ತೆರೆದಿದೆ, ಜೀಪಿನ ಇಂಜಿನ್ ಸದ್ದು ಕೇಳುತ್ತಿದೆ, ನಾಲ್ಕಕ್ಕೆ ಕೊಯಮತ್ತೂರು ಏರ್‌ಪೋರ್ಟ್ ಮುಟ್ಟಬೇಕು, ಫಾರಂ ಒಂದು ಬಾಕಿ, ಹುಟ್ಟಿದ ಸಮಯ ಹತ್ತು ಇಪ್ಪತ್ತು, ಕ್ಲಾಂಪ್ ಹಾಕಿದ ಸಮಯ — ಖಾಲಿ, ಹತ್ತು ಇಪ್ಪತ್ತು ಎಂದೇ ಬರೆದರೆ ಮುಗಿಯಿತು, ವೀಣಾ ಕಣ್ಣು ಮುಚ್ಚಿದ್ದಳು, ನೋಡಿದವರಿಲ್ಲ. ಸಿಸ್ಟರ್, ಬ್ಯಾಗ್ ತುಂಬ್ತಾ, ಬಾಗಿಲಲ್ಲಿ ನಂಜುಂಡೇಶ, ರೊಂಬ ಉಪಕಾರ ಆಯ್ತು ನಿಮ್ಮಿಂದ, ಅನ್ನುತ್ತಾ ಕೈ ಮುಗಿದುಬಿಟ್ಟ, ಮುಗಿಯಬೇಡ ಮಾರಾಯ, ತುಂಬಲಿಲ್ಲ, ನಾನು ತಡ ಮಾಡಿದೆ, ಅನ್ನುತ್ತೇನೆ, ಅಂದೆನೇ, ಅಂದಿದ್ದೇನೆ, ಅವನ ಮುಖ ನೋಡಿದರೆ ಗೊತ್ತು, ಸಾಲ್ದಾ, ಅಂತ ಮಾತ್ರ ಕೇಳಿದ, ಗೊತ್ತಿಲ್ಲಪ್ಪ, ಸಾಲದೇ ಹೋಗಬಹುದು, ಹತ್ತು ಇಪ್ಪತ್ತೆರಡು, ಬರೆದೆ, ಪೆನ್ನು ಫಾರಮ್ಮನ್ನು ಹರಿಯುವಷ್ಟು ಒತ್ತಿ ಬರೆದೆ, ಅವನು ಬೈಯಬಾರದೇ, ಬೈಯುತ್ತಿಲ್ಲ, ಅವನ ಹಿಂದಿನಿಂದ ವಳ್ಳಿ ನುಗ್ಗಿ ಬಂದಳು, ತಮ್ಮನನ್ನು ನೋಡಲು ಬಂದವಳು, ನನ್ನನ್ನು ಕಂಡಳು, ಕಂಡ ಕೂಡಲೇ ಕೆಂಪು ಸ್ವೆಟರಿನ ತೋಳು ಮೇಲಕ್ಕೆಳೆದುಕೊಂಡಳು, ಇವತ್ತು ಯಾವ ಕೈ ಆಂಟಿ — ಇಲ್ಲ ಪುಟ್ಟಿ, ಇವತ್ತು ಸೂಜಿಯಿಲ್ಲ, ಅನ್ನುತ್ತೇನೆ, ಕೇಳಿಸಲಿಲ್ಲವೇ ಅವಳಿಗೆ, ಇಳಿಸುತ್ತಿಲ್ಲ, ಫಾರಮ್ಮಿನ ಮೇಲೆ, ಒದ್ದೆ ಶಾಯಿಯ ಮೇಲೆ, ಆ ಸಣ್ಣ ಕೈ, ಮೊಣಕೈ ಮಡಿಕೆಯಲ್ಲಿ ಹಳೆಯ ಸೂಜಿಯ ನೀಲಿ ಕಲೆ, ಅಂಗೈ ಮೇಲೆ ಮಾಡಿ, ಚಾಚಿದ ಕೈ, ಇಳಿಸುತ್ತಿಲ್ಲ, ಚಾಚಿದ ಕೈ —