ಬೆನ್ ಎಲ್ರಿಗ್‌ನ ಪೂರ್ವ ಇಳಿಜಾರು

ಮಣಿಕಟ್ಟಿನಿಂದ ತಟ್ಟಿದಾಗ ಏನೂ ಆಗಲಿಲ್ಲ. ಮಾರ್ಸಲಿ, ಪರೀಕ್ಷೆಗೆಂದು ಇಳಿಜಾರಿನಲ್ಲಿ ಕಡಿದು ನಿಲ್ಲಿಸಿದ್ದ ಹಿಮದ ಕಂಬದ ತಲೆಯ ಮೇಲೆ ಮಲಗಿಸಿದ್ದ ಸಲಿಕೆಯನ್ನು ಸರಿಪಡಿಸಿಕೊಂಡು, ಈ ಸಲ ಮೊಣಕೈಯಿಂದ ತಟ್ಟತೊಡಗಿದಳು. ಎರಡನೆಯ ಪೆಟ್ಟಿಗೇ ಕಂಬದ ಮೇಲರ್ಧ, ಮೇಜಿನ ಖಾನೆ ಎಳೆದ ಹಾಗೆ ನುಣ್ಣಗೆ ಮುಂದಕ್ಕೆ ಜಾರಿ ಅವಳ ತೊಡೆಯ ಮೇಲೆ ಬಿತ್ತು.

ಅವಳು ಕೈಗವಸು ತೆಗೆದು, ಜಾರಿದ ಜಾಗದಲ್ಲಿ ಉಳಿದಿದ್ದ ಹಿಮವನ್ನು ಅಂಗೈಗೆ ಕೆರೆದುಕೊಂಡಳು. ಸಕ್ಕರೆಯಂಥ ಹರಳುಗಳು, ಹಿಚುಕಿದರೂ ಒಂದಕ್ಕೊಂದು ಅಂಟಲಿಲ್ಲ. ಕಳೆದ ವಾರದ ಕೊರೆಯುವ ಚಳಿಯಲ್ಲಿ ಹುಟ್ಟಿದ ಈ ಪದರದ ಮೇಲೆ ಆಮೇಲೆ ಬೀಸಿದ ಪಶ್ಚಿಮದ ಗಾಳಿ ಗಟ್ಟಿ ಹಿಮದ ಹಲಗೆಯನ್ನೇ ಹಾಸಿಬಿಟ್ಟಿತ್ತು. ಅವಳು ಅಗೆಯುತ್ತಿದ್ದದ್ದು ಜಾರಿದರೂ ಯಾರನ್ನೂ ಹೂಳಲಾರದ ಚಿಕ್ಕ ದಿಬ್ಬದಲ್ಲಿ. ಆದರೆ ಅದೇ ದಿಕ್ಕಿಗೆ ಮುಖಮಾಡಿದ ದೊಡ್ಡ ಇಳಿಜಾರು ತಲೆಯ ಮೇಲೆಯೇ ಇತ್ತು. ನಾಳೆ ಅವಳ ಅಪ್ಪ ಇಪ್ಪತ್ತು ಮಂದಿ ಗೆಳೆಯರೊಂದಿಗೆ ಹತ್ತಬೇಕಿದ್ದದ್ದು ಅದನ್ನೇ.

ಇನ್ನೊಂದು ಕಡೆ ಅಗೆದು ನೋಡಿದಳು. ಅಲ್ಲಿಯೂ ಅದೇ. ಮೂರನೆಯ ಗುಂಡಿಗೆ ಸಲಿಕೆ ಎತ್ತಿದವಳು ತಡೆದು ನಿಂತಳು. ಬೇಕಾದ ಉತ್ತರ ಬರುವ ತನಕ ಅಗೆಯುತ್ತ ಹೋಗುವುದಕ್ಕೆ ಅಳತೆ ಎನ್ನುವುದಿಲ್ಲ.

ಸ್ಕಾಟ್‌ಲೆಂಡಿನಲ್ಲಿ ಮೂರು ಸಾವಿರ ಅಡಿ ದಾಟಿದ ಬೆಟ್ಟಗಳು ಇನ್ನೂರ ಎಂಬತ್ತೆರಡು. ಬೇಸಿಗೆಯಲ್ಲಿ ಅವನ್ನೆಲ್ಲ ಹತ್ತಿ ಮುಗಿಸಿದವರು ಊರಿಗೆ ಇಬ್ಬರು ಮೂವರು ಸಿಗುತ್ತಾರೆ. ಅವಳ ಅಪ್ಪ ಡೂಗಲ್ ಮೆಕ್‌ಇನಿಸ್ ಅಷ್ಟನ್ನೂ ಚಳಿಗಾಲದಲ್ಲೇ, ಹಿಮದ ಮೇಲೇ ಹತ್ತುತ್ತ ಬಂದಿದ್ದ. ಮನೆಯ ಅಡುಗೆಕೋಣೆಯಿಂದ ಕಾಣುವ ಬೆನ್ ಎಲ್ರಿಗ್ ಒಂದನ್ನು ಕೊನೆಗೆಂದು ಉಳಿಸಿಕೊಂಡಿದ್ದ. ಮುಂದಿನ ವಾರವೇ ಅವನ ಬಲ ಮೊಣಕಾಲನ್ನು ತೆಗೆದು ಹೊಸದು ಕೂರಿಸುವವರಿದ್ದರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಹೊಸ ಮೊಣಕಾಲು ಮೆಟ್ಟಿಲು ಹತ್ತಿಸೀತು, ಆದರೆ ಹಿಮದ ಬೆಟ್ಟ ಹತ್ತಿಸೀತೆಂದು ಯಾವ ವೈದ್ಯರೂ ಹೇಳಿರಲಿಲ್ಲ. ಆ ಬೆಟ್ಟಕ್ಕೆ ಬೇರೆ ದಾರಿ ಇರಲಿಲ್ಲವೆಂದಲ್ಲ. ಆದರೆ ಉತ್ತರದ ಕೋಡಿನ ಮೇಲಿನ ದಾರಿ ಕತ್ತಿಯ ಅಲಗಿನಂತೆ ಕಿರಿದಾಗಿತ್ತು. ಡೂಗಲ್‌ನ ಈಗಿನ ಕಾಲಿಗೆ ಅದು ಆಗದ ಮಾತು.

ಸಂಜೆ ಹಿಮಕುಸಿತ ಮುನ್ಸೂಚನೆಯ ಕಚೇರಿಯಲ್ಲಿ ನಾಳೆಯ ವರದಿ ಬರೆಯಲು ಕೂತಾಗ ಮಾರ್ಸಲಿಯ ಮುಂದೆ ಎರಡು ಪದಗಳಿದ್ದವು. ಹಿಮಕುಸಿತದ ಅಪಾಯ ‘ಗಣನೀಯ’ ಎಂದು ಬರೆದರೆ ನುರಿತವರು ಎಚ್ಚರದಿಂದ ಹೋಗುತ್ತಾರೆ, ಅಪ್ಪನೂ ಹೋಗುತ್ತಾನೆ. ‘ಹೆಚ್ಚು’ ಎಂದರೆ ಹೋಗುವುದಿಲ್ಲ. ‘ಗಣನೀಯ’ ಎಂದು ಬರೆದುಬಿಟ್ಟರೂ ಅದನ್ನು ಸುಳ್ಳೆಂದು ತೋರಿಸಿಕೊಡುವುದು ಯಾರಿಗೂ ಸುಲಭವಿರಲಿಲ್ಲ. ಮೇಲಾಗಿ ನಾಳೆಯ ಹವಾಮಾನ ಅಪರೂಪದ್ದಾಗಿತ್ತು: ಗಾಳಿಯಿಲ್ಲ, ಮೋಡವಿಲ್ಲ, ದಿನವಿಡೀ ಬಿಸಿಲು. ಆಕಾಶ ಸರಿಯಿದ್ದರೆ ನೆಲವೂ ಸರಿಯಿದೆಯೆಂದು ಜನ ನಂಬುತ್ತಾರೆ. ಅವಳು ‘ಹೆಚ್ಚು’ ಎಂದು ಬರೆದು, ಎದ್ದು ಒಂದು ಲೋಟ ನೀರು ಕುಡಿದು, ಬಂದು ಪ್ರಕಟಿಸಿದಳು.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೂರದೂರದಿಂದ ಬಂದವರು ನೆಲದ ಮೇಲೆಲ್ಲ ಹಾಸಿಗೆ ಹಾಸಿದ್ದರು. ಅಪ್ಪನ ಹಳೆಯ ಜೊತೆಗಾರ ಟಾರ್ಕ್ವಿಲ್, ನಾಳೆ ಬೆಟ್ಟದ ತುದಿಯಲ್ಲಿ ಊದಬೇಕಾದ ಬ್ಯಾಗ್‌ಪೈಪನ್ನು ಒರೆಸುತ್ತಿದ್ದ. ಅಮ್ಮ ಯೂನಾ ನವೆಂಬರಿನಲ್ಲೇ ಬೇಯಿಸಿ, ಕೆಡದಿರಲೆಂದು ವಾರವಾರವೂ ಹೆಣಿಗೆಯ ಕಡ್ಡಿಯಿಂದ ಚುಚ್ಚಿ ವಿಸ್ಕಿ ಕುಡಿಸುತ್ತ ಬಂದಿದ್ದ ಒಣದ್ರಾಕ್ಷಿಯ ಕೇಕು ತಗಡಿನ ಡಬ್ಬಿಯಲ್ಲಿ ಮೇಜಿನ ಮೇಲಿತ್ತು. ಅದನ್ನು ಕೊಯ್ಯುವುದು ಬೆಟ್ಟದ ತುದಿಯಲ್ಲೇ ಎಂಬುದು ಮಾತಾಡಬೇಕಾದ ವಿಷಯವೇ ಆಗಿರಲಿಲ್ಲ.

ಡೂಗಲ್ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ವರದಿ ಓದುತ್ತಿದ್ದ. ವರದಿಗೆ ಬರೆದವರ ಹೆಸರಿರುವುದಿಲ್ಲ.

“ಇವತ್ತು ನಿಂದಾ ಪಾಳಿ?” ಎಂದು ಕೇಳಿದ.

“ಹೂಂ ಅಪ್ಪ.”

“ಎಲ್ಲಿ ಅಗೆದೆ?”

ಅವಳು ಹೇಳಿದಳು. ಪದರ ಎಷ್ಟು ಆಳದಲ್ಲಿದೆ, ಹೇಗೆ ಜಾರಿತು, ಎಲ್ಲವನ್ನೂ. ಇಪ್ಪತ್ತು ವರ್ಷ ಪಾರುಗಾಣಿಕಾ ದಳದ ಮುಂದಾಳಾಗಿದ್ದವನಿಗೆ, ಉದ್ದನೆಯ ಕೋಲುಗಳಿಂದ ಹಿಮವನ್ನು ಚುಚ್ಚುತ್ತ ಹೂತುಹೋದ ಜನರನ್ನು ಹುಡುಕಿದವನಿಗೆ, ಅಷ್ಟು ಸಾಕಿತ್ತು. ಅವನು ಕಿಟಕಿಯ ಬಳಿ ಹೋಗಿ ಸ್ವಲ್ಪ ಹೊತ್ತು ನಿಂತ. ಹೊರಗೆ ಕತ್ತಲಾಗಿದ್ದರಿಂದ ಬೆಟ್ಟ ಕಾಣುತ್ತಿರಲಿಲ್ಲ. ಆಮೇಲೆ ಪಡಸಾಲೆಗೆ ಹೋಗಿ, ನಾಳೆ ಹತ್ತುವುದಿಲ್ಲವೆಂದೂ ಊಟ ಮಾತ್ರ ಊರಿನ ಸಭಾಂಗಣದಲ್ಲಿ ಮೊದಲೇ ಗೊತ್ತುಮಾಡಿದಂತೆ ನಡೆಯುವುದೆಂದೂ ಹೇಳಿದ. ಯಾಕೆಂದು ಕೇಳಿದವರಿಗೆ ಫೋನನ್ನು ದಾಟಿಸಿದ.

ಮರುದಿನ ಬೆನ್ ಎಲ್ರಿಗ್ ಇದ್ದಷ್ಟು ಚೆಲುವಾಗಿ ಆ ಚಳಿಗಾಲದಲ್ಲಿ ಎಂದೂ ಇರಲಿಲ್ಲ. ಸಭಾಂಗಣದ ಉದ್ದದ ಕಿಟಕಿಯ ತುಂಬ ಅದೇ. ಬಿಸಿಲಿಗೆ ಪೂರ್ವದ ಇಳಿಜಾರು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಹೊಳೆಯುತ್ತಿತ್ತು. ಜನ ಸೂಪಿನ ಬಟ್ಟಲು ಹಿಡಿದು ಕಿಟಕಿಯ ಹತ್ತಿರ ಹೋಗುತ್ತಿದ್ದರು, ನೋಡುತ್ತಿದ್ದರು, ಮಾರ್ಸಲಿ ಅಲ್ಲಿರುವುದು ನೆನಪಾಗಿ ಮಾತು ಬದಲಿಸುತ್ತಿದ್ದರು. ಟಾರ್ಕ್ವಿಲ್ ಮಾತ್ರ ಬದಲಿಸಲಿಲ್ಲ. ಇಂಥ ದಿನ ಒಳಗೆ ಕೂತು ಸೂಪು ಕುಡಿಯಲು ತಾನು ಗ್ಲಾಸ್ಗೋದಿಂದ ಬರಬೇಕಿತ್ತೇ ಎಂದು ಎಲ್ಲರಿಗೂ ಕೇಳುವಂತೆಯೇ ಕೇಳಿದ.

ಮಧ್ಯಾಹ್ನ ಇಬ್ಬರು ಅಪರಿಚಿತರು ಒಳಗೆ ಬಂದರು. ಬೂಟಿನ ತುಂಬ ಹಿಮ, ಬಿಸಿಲಿಗೆ ಕೆಂಪೇರಿದ ಮುಖ. ಒಂದಿಷ್ಟು ಟೀ ಸಿಗುತ್ತದೆಯೇ ಎಂದು ಕೇಳಿದರು. ಎಲ್ಲಿಂದ ಬಂದಿರೆಂದು ಯೂನಾ ವಿಚಾರಿಸಿದಾಗ ಒಬ್ಬ ಬೆರಳು ತೋರಿಸಿದ. ಪೂರ್ವದ ಇಳಿಜಾರಿನಲ್ಲೇ ಹತ್ತಿ, ಅದರಲ್ಲೇ ಇಳಿದಿದ್ದರು.

“ಹಿಮ ಅಂದ್ರೆ ಬೆಣ್ಣೆ ಕಣ್ರೀ, ಬೆಣ್ಣೆ” ಎಂದ ಅವನು.

ಸೂಪು ಕುಡಿಯುತ್ತಿದ್ದವರೆಲ್ಲ ಮಾರ್ಸಲಿಯ ಕಡೆ ತಿರುಗಿದರು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಿಮದ ಹಲಗೆ ದಪ್ಪವಿದ್ದ ಕಡೆ ಇಬ್ಬರ ಭಾರವನ್ನು ತಡೆದಿರಬಹುದು, ಇಪ್ಪತ್ತು ಜನರ ಭಾರವನ್ನು ತಡೆಯದೆ ಹೋಗಬಹುದಿತ್ತು. ಅಥವಾ ಅವಳದೇ ತಪ್ಪಿರಬಹುದು. ಯಾರೂ ಹೋಗದಿದ್ದರೆ ಎಚ್ಚರಿಕೆ ಸರಿಯಿತ್ತೆನ್ನಲು ಸಾಕ್ಷಿಯಿಲ್ಲ. ಹೋದವರು ಕ್ಷೇಮವಾಗಿ ಬಂದರೆ ತಪ್ಪಿತ್ತೆನ್ನಲು ಎದುರಿಗೇ ಸಾಕ್ಷಿ. ಇದನ್ನು ಅವಳು ಪಾಠದಲ್ಲಿ ಓದಿದ್ದಳು. ಆದರೆ ಆ ಪಾಠದಲ್ಲಿ ಅಪ್ಪ ಇರಲಿಲ್ಲ.

ಟಾರ್ಕ್ವಿಲ್ ಬಟ್ಟಲು ಕೆಳಗಿಟ್ಟ. “ಲೋ ಡೂಗಲ್, ನಿನ್ನ ಬೆಟ್ಟ ನಿನ್ನ ಮಗಳೇ ಕಿತ್ಕೊಂಡ್ಳಲ್ಲೋ.”

ಡೂಗಲ್ ಮೊದಲು ಬಂದವರಿಗೆ ಟೀ ಬಗ್ಗಿಸಿ ಕೊಟ್ಟ. ಮೇಜಿಗೆ ಕೈಯೂರಿ, ಕೆಟ್ಟ ಕಾಲನ್ನು ಎಳೆದುಕೊಂಡು ಮಗಳ ಪಕ್ಕಕ್ಕೆ ಬಂದು ನಿಂತ.

“ಇವಳು ಮಾರ್ಸಲಿ, ನನ್ನ ಮಗಳು” ಎಂದ ಆ ಇಬ್ಬರಿಗೆ. “ಇವತ್ತಿನ ವರದಿ ಬರೆದವಳು.”

ಹೇಳಿದ್ದು ಅಷ್ಟೇ. ಆದರೆ ಮಗಳು ಪದಕ ಗೆದ್ದು ಬಂದಾಗ ಊರಿಗೆ ತೋರಿಸುವವನ ದನಿ ಅದು. ಟೀ ಹಿಡಿದವರಲ್ಲಿ ಒಬ್ಬ ಲೋಟದೊಳಕ್ಕೆ ನೋಡಿದ. ತಾವು ಹವಾಮಾನ ಮಾತ್ರ ನೋಡಿದ್ದೆವು, ವರದಿ ನೋಡಿರಲಿಲ್ಲ ಎಂದು ಇನ್ನೊಬ್ಬ ಒಪ್ಪಿಕೊಂಡ.

“ಕ್ಷೇಮವಾಗಿ ಬಂದ್ರಲ್ಲ, ಸಂತೋಷ” ಎಂದ ಡೂಗಲ್. ಆಮೇಲೆ ಗೆಳೆಯನ ಕಡೆ ತಿರುಗಿದ. “ಅವಳಿಗೆ ಗೊತ್ತಿತ್ತು ಕಣೋ, ಇದು ನನ್ನ ಕೊನೇ ಬೆಟ್ಟ ಅಂತ. ಗೊತ್ತಿದ್ದೂ ಬರೆದ್ಳು. ಇನ್ನೇನ್ ಬೇಕು ನಂಗೆ?”

ಟಾರ್ಕ್ವಿಲ್ ಕೇಕಿನ ಡಬ್ಬಿಯನ್ನು ಡೂಗಲ್‌ನ ಮುಂದಕ್ಕೆ ಸರಿಸಿದ. ಹೋಗಲಿ, ಕೇಕನ್ನಾದರೂ ಕೊಯ್ಯಿ ಎಂದ. ಸುತ್ತಲಿನವರೂ ಹೂಂಗುಟ್ಟಿದರು. ಯೂನಾ ಚಾಕು ತಂದು ಡಬ್ಬಿಯ ಮುಚ್ಚಳ ತೆಗೆದಳು. ವಿಸ್ಕಿಯ, ದ್ರಾಕ್ಷಿಯ ವಾಸನೆ ಮೇಜಿನ ಸುತ್ತ ಹರಡಿತು.

ಡೂಗಲ್ ಚಾಕುವನ್ನು ಬದಿಗಿಟ್ಟು ಅವಳ ಹೆಣಿಗೆಯ ಕಡ್ಡಿ ಕೇಳಿದ. ಅವಳು ಅವನ ಮುಖವನ್ನೊಮ್ಮೆ ನೋಡಿ, ಚೀಲದಲ್ಲಿದ್ದ ಅರ್ಧ ಹೆಣೆದ ಕಾಲುಚೀಲದಿಂದ ಒಂದು ಕಡ್ಡಿ ಎಳೆದುಕೊಟ್ಟಳು. ಅವನು ಬಾಗಿ ಕೇಕಿನ ಮೈಯಲ್ಲಿ ಮೆಲ್ಲಗೆ ಚುಚ್ಚುತ್ತ ಹೋದ, ಅಂಚಿನಿಂದ ಅಂಚಿಗೆ, ಒಂದು ಗೇಣೂ ಬಿಡದೆ ಹಿಮವನ್ನು ಚುಚ್ಚಿ ಹುಡುಕುವವರ ಹಾಗೆ.

“ಕೇಕು ವರ್ಷಗಟ್ಟಲೆ ಕೆಡಲ್ಲ” ಎಂದ. “ಬೆಟ್ಟಾನೂ ಅಲ್ಲೇ ಇರುತ್ತೆ.”

“ಮತ್ತೆ ನಿನ್ನ ಮೊಣಕಾಲು?” ಎಂದ ಟಾರ್ಕ್ವಿಲ್.

“ಅದು ಹೊಸದು ಬರುತ್ತಲ್ಲ. ನಿಂದೇ ಹಳೇದು, ನೋಡ್ಕೋ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಟಾರ್ಕ್ವಿಲ್. ನಗುತ್ತಲೇ ತನ್ನ ವಿಸ್ಕಿ ಶೀಸೆಯನ್ನು ಮೇಜಿನ ಮೇಲೆ ತಳ್ಳಿದ. ಡೂಗಲ್ ಚಮಚವನ್ನು ಮಗಳ ಕೈಗೆ ಕೊಟ್ಟ.

ಮಾರ್ಸಲಿ ಚಮಚ ತುಂಬ ವಿಸ್ಕಿ ತೆಗೆದು ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಸುರಿದಳು. ತೂತುಗಳ ಬಾಯಲ್ಲಿ ಅದು ಕ್ಷಣಹೊತ್ತು ಹೊಳೆಯುತ್ತ ನಿಂತು, ಒಂದೊಂದಾಗಿ ಒಳಗಿಳಿಯಿತು. ಕೊನೆಯದೂ ಇಳಿಯುವ ತನಕ ಅಪ್ಪ ಮಗಳಿಬ್ಬರೂ ಬಾಗಿ ನೋಡುತ್ತಿದ್ದರು. ಆಮೇಲೆ ಅವನು ಮುಚ್ಚಳ ಹಾಕಿ, ಅಂಚಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ಭದ್ರಮಾಡಿದ.