ಕಾಲು ಚಾಚುವಷ್ಟು ಜಾಗ

"ಗಟ್ಟಿಯಾಗಿ ಹಿಡ್ಕೊಳೇ, ಟೇಪು ಜಾರ್ತಿದೆ," ಎಂದು ವೇದವಲ್ಲಿ ವ್ಯಾನಿನೊಳಗಿಂದ ಕೂಗಿದಳು.

ಹಿಂಬಾಗಿಲ ಬಳಿ ಮಗಳು ಸಿಂಧೂರಾ ಅಳತೆ ಟೇಪಿನ ತುದಿಯನ್ನು ಮಲಗುವ ಹಲಗೆಯ ಅಂಚಿಗೆ ಒತ್ತಿ ಹಿಡಿದಿದ್ದಳು. ಮೈಮೇಲೆ ಕಪ್ಪು ಡ್ರೆಸ್ಸು; ಕಾಲಲ್ಲಿ, ಗಡಿಬಿಡಿಯಲ್ಲಿ ಮೆಟ್ಟಿಕೊಂಡು ಬಂದ ಅಪ್ಪನ ಹವಾಯಿ ಚಪ್ಪಲಿ.

"ನೂರಾ ಎಂಬತ್ತು ಸೆಂಟಿಮೀಟರು," ಎಂದಳು ವೇದವಲ್ಲಿ.

"ಪೆಟ್ಟಿಗೆ ನೂರಾ ತೊಂಬತ್ತು ಅಮ್ಮ. ಫಿಟ್ ಆಗಲ್ಲ. ಪ್ಲೀಸ್, ಬಿಟ್ಬಿಡು. ಎಲ್ರೂ ನೋಡ್ತಿದಾರೆ."

ಎಲ್ಲರೂ ನೋಡುತ್ತಿದ್ದುದು ನಿಜ. ಜಪಾನಿನ ಒಕಾಝಾಕಿಯ ಆ ಅಂತ್ಯಕ್ರಿಯೆ ಭವನದ ಪಾರ್ಕಿಂಗಿನಲ್ಲಿ ವೇದವಲ್ಲಿಯ ಗಂಡ ಹರಿಹರನ ಕಾರ್ಖಾನೆಯ ಜಪಾನಿ ಸಹೋದ್ಯೋಗಿಗಳು ಕಪ್ಪು ಟೈ ಕಟ್ಟಿ ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ನಗೋಯಾ ಸುತ್ತಲಿನ ಕನ್ನಡದವರು, ಯಾವ ಸಾಲೂ ಇಲ್ಲದೆ ನಿಂತಿದ್ದರು. ಭವನದ ಮ್ಯಾನೇಜರ್ ಹಾಯಾಶಿ-ಸಾನ್ ತಮ್ಮ ಶವವಾಹನವನ್ನು ಬಾಗಿಲ ಮುಂದೆ ತಂದು ನಿಲ್ಲಿಸಿದ್ದರು. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವಷ್ಟು ಹೊಳೆಯುವ ಕಪ್ಪು ಗಾಡಿ. ವೇದವಲ್ಲಿಗೆ ಅದು ಬೇಡ. ಗಂಡ ಕೊನೆಯ ಸಲ ತನ್ನ ವ್ಯಾನಿನಲ್ಲೇ ಹೋಗಬೇಕೆಂದು ಬೆಳಿಗ್ಗೆಯಿಂದ ಹಟ ಹಿಡಿದು ಕೂತಿದ್ದಳು.

ಹಾಯಾಶಿ-ಸಾನ್ ಬೇಡವೆಂದಿರಲಿಲ್ಲ. ಮನೆಯವರೇ ಓಡಿಸುವುದಾದರೆ ಕಾನೂನಿನ ಅಡ್ಡಿಯಿಲ್ಲ ಎಂದು ಎರಡು ಸಲ ಬಾಗಿ ಹೇಳಿದ್ದರು. ಆದರೆ ಹಿಂಬಾಗಿಲು ಪೂರ್ತಿ ಮುಚ್ಚಬೇಕು, ಪೆಟ್ಟಿಗೆ ಅಲುಗಾಡಬಾರದು. ಚಿತಾಗಾರದಲ್ಲಿ ಇವರಿಗೆ ಕೊಟ್ಟಿದ್ದ ಸಮಯ ಮಧ್ಯಾಹ್ನದ ಒಂದು ಗಂಟೆ. ತಪ್ಪಿದರೆ, ನಾಳೆ ಸಂಸ್ಕಾರಕ್ಕೆ ಒಳ್ಳೆಯ ದಿನವಲ್ಲವೆಂದು ಅಲ್ಲಿಗೆ ರಜೆ, ನಾಡಿದ್ದಿನವರೆಗೆ ಕಾಯಬೇಕು. ಈಗ ಹನ್ನೊಂದೂಮುಕ್ಕಾಲು.

"ಹತ್ತೇ ಹತ್ತು ಸೆಂಟಿಮೀಟರು," ಎಂದು ವೇದವಲ್ಲಿ ಹಲಗೆಯ ಮೇಲೆ ಕುಸಿದು ಕೂತಳು. "ಜೀವಮಾನವೆಲ್ಲ ಅಳತೆ ಅಳತೆ ಅಂತ ನನ್ನ ಪ್ರಾಣ ತಿಂದ್ರು. ತಮಗೆ ಬೇಕಾದ ಅಳತೆ ಮಾತ್ರ ತಪ್ಪಿಸಿಟ್ಟು ಹೋದ್ರು ನೋಡು."

*

ಹರಿಹರ ದಾವಣಗೆರೆಯವನು. ಇಪ್ಪತ್ತಾರು ವರ್ಷ ಇಲ್ಲಿ ಕಾರಿನ ಬಾಗಿಲಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಎಂಜಿನಿಯರಾಗಿದ್ದ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸು ಕಳಿಸುವ ಮನುಷ್ಯ. ಮನೆಯಲ್ಲಿ ಚಪಾತಿಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ದೊಡ್ಡ ಆಸೆ. ನಿವೃತ್ತಿಯ ನಂತರ ಅಮೆರಿಕಕ್ಕೆ ಹೋಗಿ, ಹಾಸಿಗೆ ಒಲೆ ಎಲ್ಲ ಇರುವ ದೊಡ್ಡ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ಹೆಂಡತಿಯ ಜೊತೆ ಅರಿಝೋನಾದ ಮರುಭೂಮಿಯಲ್ಲಿ ಒಂದು ತಿಂಗಳು ಸುತ್ತುವುದು. ಗೋಡೆಗೆ ನಕಾಶೆ ಅಂಟಿಸಿ ಹತ್ತು ವರ್ಷವಾಗಿತ್ತು. ನಿವೃತ್ತಿಗೆ ಆರು ತಿಂಗಳಿರುವಾಗ ಹೃದಯ ಕೈಕೊಟ್ಟಿತು. ದೂರದ ವಿಮಾನ ಪ್ರಯಾಣ ಬೇಡವೆಂದರು ಡಾಕ್ಟರು.

ಅದಾದ ಎಂಟನೆಯ ದಿನ ಅವನು, ಸಾಮಾನು ಸಾಗಿಸುವ ಹಳೆಯ ಬಿಳಿ ವ್ಯಾನೊಂದನ್ನು ಕೊಂಡು ತಂದು ಮನೆ ಮುಂದೆ ನಿಲ್ಲಿಸಿದ.

"ತೊತ್ತೋರಿಯಲ್ಲಿ ಸಮುದ್ರದ ಪಕ್ಕ ಮರಳುಗುಡ್ಡ ಇದೆ ವೇದಾ. ಅದೇ ನಮ್ಮ ಮರುಭೂಮಿ. ನಮ್ಮ ಅಳತೆಗೆ ಸರಿಯಾಗಿದೆ."

ಹೋದ ಅಕ್ಟೋಬರಿನಲ್ಲಿ ಹೊರಟರು. ಕೋಬೆ ದಾಟಿದ ಮೇಲೆ ಅವನಿಗೆ ಸುಸ್ತಾಯಿತು. ಬೆಟ್ಟದ ದಾರಿಯನ್ನೆಲ್ಲ ವೇದವಲ್ಲಿಯೇ ಓಡಿಸಿದಳು. ಅವನು ಎಡಗಡೆ ಕೂತು, "ನಿಧಾನ, ಎಡಕ್ಕೆ, ಅವರಿಗೊಂದು ಸುಮಿಮಾಸೆನ್ ಹೇಳಿ ಕ್ಷಮೆ ಕೇಳು," ಎಂದು ಬಾಯಿ ಮುಚ್ಚದೆ ದಾರಿ ತೋರಿಸಿದ. ಮರಳಿನ ಮೇಲೆ ಕೂತು ಚಿತ್ರಾನ್ನ ತಿಂದರು. ಅರಿಝೋನಾ ನೆನಪಾಗುತ್ತಾ ಎಂದು ಅವಳು ಕೇಳಿದಳು.

"ನೋಡ್ದೇ ಇರೋದು ಹೆಂಗೆ ನೆನಪಾಗುತ್ತೆ?" ಎಂದು ನಕ್ಕ. ಆಮೇಲೆ, "ಒಂದು ಮಾತು. ನಾನು ಹೋದಾಗ ಬಾಡಿಗೆ ಗಾಡೀಲಿ ಕಳಿಸ್ಬೇಡ. ಇದ್ರಲ್ಲೇ ಕರ್ಕೊಂಡು ಹೋಗು," ಎಂದ.

"ಥೂ, ಬಿಡ್ತು ಅನ್ನಿ," ಎಂದು ಅವಳು ಅವನ ಬಾಯಿಗೆ ಇನ್ನೊಂದು ತುತ್ತು ತುರುಕಿದಳು. ಆಗಲಿ ಎಂದಿರಲಿಲ್ಲ. ಆವತ್ತು ಆ ಒಂದು ಮಾತು ಹೇಳಿಬಿಡಬೇಕಿತ್ತು ಎಂಬ ಸಂಕಟ ಅವನು ತೀರಿಕೊಂಡ ಮೇಲಿನ ಈ ಮೂರು ದಿನವೂ ಅವಳನ್ನು ಹಿಂಡುತ್ತಿತ್ತು.

*

"ಏನಮ್ಮಾ, ಬಾಯಿಗೆ ಅಕ್ಕಿ ಹಾಕ್ಬೇಕು. ಅಕ್ಕಿ ಎಲ್ಲಿದೆ?" ಎಂದು ರಮಾಕಾಂತ ವ್ಯಾನಿನ ಬಳಿ ಬಂದರು. ಅಲ್ಲಿದ್ದ ಕನ್ನಡದವರಲ್ಲಿ ಅವರೇ ಹಿರಿಯರು. ಪುರೋಹಿತರು ಸಿಗದ್ದರಿಂದ ಮೊಬೈಲಿನಲ್ಲಿ ನೋಡಿಕೊಂಡು ಮಂತ್ರ ಹೇಳುವ ಕೆಲಸ ಅವರ ಪಾಲಿಗೆ ಬಂದಿತ್ತು.

ಹರಿಹರನ ಕೈಕೆಳಗೆ ಕೆಲಸ ಕಲಿತ ಮಧುಕರ್ ಮುಂದೆ ಬಂದ. "ಪಕ್ಕದ ಕೊಂಬಿನಿ ಅಂಗಡಿಯಿಂದ ತರ್ಲಾ ಅಕ್ಕಾ? ಎರಡೇ ನಿಮಿಷ."

"ಕೊಂಬಿನಿ ಅಕ್ಕೀನಾ? ಇಲ್ಲಿನ ಅಂಟು ಅಕ್ಕಿ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ. ಬಾಯಿಗೆ ಹಾಕಿದ್ರೆ ಎದ್ದು ಕೂತ್ಕೊಂಡು ಉಗೀತಾರೆ," ಎಂದಳು ವೇದವಲ್ಲಿ.

ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು.

"ಸೋನಾ ಮಸೂರಿ ಇಲ್ಲೇ ಇದೆ," ಎಂದು ಅವಳು ಹಲಗೆಯ ಮೇಲೆ ಮೊಣಕಾಲೂರಿ ಮುಂದೆ ಸರಿದಳು. ಹಲಗೆಗೂ ಮುಂದಿನ ಸೀಟುಗಳಿಗೂ ನಡುವೆ ಅಡುಗೆ ಸಾಮಾನಿನ ಬೀರು ಇತ್ತು. ಅದರ ಕೆಳಗಿನ ಖಾನೆಯ ಬಾಗಿಲು ತೆರೆದು ಅಕ್ಕಿ ಡಬ್ಬಿಯನ್ನು ಎಳೆದಳು. ಒಂದು ಹಿಡಿ ಅಕ್ಕಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಡಬ್ಬಿಯನ್ನು ಅಭ್ಯಾಸಬಲದಿಂದ ಮುಂದಿನ ಎಡಸೀಟಿನ ಮೇಲಿಟ್ಟಳು. ಹಿಂದಕ್ಕೆ ತಿರುಗಿದಾಗ, ಖಾಲಿಯಾದ ಖಾನೆಯ ಮೂಲೆಯಲ್ಲಿ ಒಗೆದು ಮಡಚಿಟ್ಟ ಒಂದು ಜೊತೆ ಬಿಳಿ ಸಾಕ್ಸು ಕಂಡಿತು.

ಅವಳು ಸಾಕ್ಸನ್ನು ಕೈಗೆತ್ತಿಕೊಂಡಳು.

"ಸಿಂಧೂ, ನಿಮ್ಮಪ್ಪ ಯಾವತ್ತು ನೂರಾ ಎಂಬತ್ತರಲ್ಲಿ ಮಲಗಿದ್ರು?"

*

ಹರಿಹರ ಮೊದಲು ಹಲಗೆಯನ್ನು ತನ್ನ ಎತ್ತರಕ್ಕೆ ಸರಿಯಾಗಿಯೇ ಮಾಡಿದ್ದ. ಕೆಲಸ ಮುಗಿದ ದಿನ ವೇದವಲ್ಲಿ ಒಳಗೆ ಇಣುಕಿ, "ನನ್ನ ಅಡುಗೆ ಸಾಮಾನು ನಿಮ್ಮ ತಲೆ ಮೇಲಿಡ್ಲಾ?" ಎಂದಳು. ಎಲ್ಲ ಅಳೆದವನು ಅದೊಂದನ್ನು ಅಳೆದಿರಲಿಲ್ಲ. ಮಾರನೆಯ ದಿನ ಹಲಗೆ ಕೊಯ್ದು ಬೀರು ಕೂರಿಸಿದ. ಹಲಗೆ ಗಿಡ್ಡವಾಯಿತು, ಅವನು ಗಿಡ್ಡವಾಗಲಿಲ್ಲ. ಮೊದಲ ರಾತ್ರಿ ಮೊಣಕಾಲು ಮಡಚಿ ಮಲಗಿ ಬೆಳಿಗ್ಗೆ ಕುಂಟುತ್ತ ಎದ್ದ. ಎರಡನೆಯ ರಾತ್ರಿ ಬೀರುವಿನ ಕೆಳ ಖಾನೆಯ ಬಾಗಿಲು ತೆರೆದು ಪಾದಗಳನ್ನು ಅದರೊಳಗೆ ಚಾಚಿದ.

"ರೀ! ಅನ್ನಪೂರ್ಣೆ ಇರೋ ಜಾಗ. ಅಕ್ಕಿಗೆ ಕಾಲು ತಗುಲಿಸ್ತೀರಾ?"

ಕೊನೆಗೆ ರಾಜಿಯಾಯಿತು. ಮಲಗುವ ಮುಂಚೆ ಅಕ್ಕಿ ಡಬ್ಬಿ ಮುಂದಿನ ಸೀಟಿಗೆ ಹೋಗಬೇಕು, ಅವನ ಪಾದಕ್ಕೆ ಒಗೆದ ಸಾಕ್ಸು ಬರಬೇಕು. ಅವಳು ಅದಕ್ಕೆ ಮಡಿ ಸಾಕ್ಸು ಎಂದು ಹೆಸರಿಟ್ಟಳು.

ತೊತ್ತೋರಿಯಲ್ಲಿ ಒಂದು ಬೆಳಿಗ್ಗೆ ಅವಳು ಮುಖ ತೊಳೆಯಲು ಹೋದಾಗ ಅವನು ವ್ಯಾನನ್ನು ನೆರಳಿಗೆ ಸರಿಸಲು ನೋಡಿದ. ಸೀಟಿನ ಮೇಲಿದ್ದ ಡಬ್ಬಿಯ ಭಾರಕ್ಕೆ, ಯಾರೋ ಬೆಲ್ಟು ಹಾಕದೆ ಕೂತಿದ್ದಾರೆಂದು ಗಾಡಿ ಪೀಂ ಪೀಂ ಎಂದು ಬಡಿದುಕೊಂಡಿತು. ಅವಳು ವಾಪಸು ಬಂದು ನೋಡಿದರೆ ಡಬ್ಬಿಗೆ ಬೆಲ್ಟು ಹಾಕಿ ಕೂರಿಸಿದ್ದ.

"ನಿನಗಿಂತ ವಾಸಿ ವೇದಾ. ಹೇಳಿದ ಹಾಗೆ ಕೇಳುತ್ತೆ."

ಅದರ ಫೋಟೊ ತೆಗೆದು ಟೋಕಿಯೋದಲ್ಲಿದ್ದ ಮಗಳಿಗೆ ಕಳಿಸಿದ. ಸಿಂಧೂರಾ ಮೀಟಿಂಗಿನಲ್ಲಿದ್ದಳು. ಹೆಬ್ಬೆರಳಿನ ಒಂದು ಚಿತ್ರ ಕಳಿಸಿ ಸುಮ್ಮನಾದಳು.

*

ಬೀರುವಿನ ನಡುವಿನ ಹಲಗೆಗೆ ನಾಲ್ಕು ಸ್ಕ್ರೂಗಳಿದ್ದವು. ಪೆಟ್ಟಿಗೆಯ ಎತ್ತರಕ್ಕೆ ಜಾಗವಾಗಲೆಂದು, ವ್ಯಾನಿನಲ್ಲೇ ಇದ್ದ ಹರಿಹರನ ಸ್ಕ್ರೂಡ್ರೈವರಿನಿಂದ ಮಧುಕರ್ ಅವನ್ನು ಬಿಚ್ಚಿದ. "ಸರ್ ಹಾಕಿದ್ದು ಅಕ್ಕಾ. ಒಂದು ಚೂರೂ ಸಡಿಲ ಇಲ್ಲ," ಎಂದು ಕಣ್ಣೊರೆಸಿಕೊಂಡ. ಸಾರಿನ ಪುಡಿ, ಹುಣಸೆಹಣ್ಣು, ಇಂಗು ಎಲ್ಲ ಅವನ ಕಾರಿಗೆ ಹೋದವು.

ಭವನದೊಳಗೆ ಎಲ್ಲರೂ ಒಬ್ಬೊಬ್ಬರಾಗಿ ಹರಿಹರನ ಬಾಯಿಗೆ ಅಕ್ಕಿ ಹಾಕಿದರು. ಜಪಾನಿ ಸಹೋದ್ಯೋಗಿಗಳೂ ನೋಡಿ ಕಲಿತು ನಾಲ್ಕು ನಾಲ್ಕೇ ಕಾಳು ಎಣಿಸಿದಂತೆ ಹಾಕಿದರು. ವೇದವಲ್ಲಿ ಪೆಟ್ಟಿಗೆಯ ಕೊನೆಗೆ ಹೋಗಿ ಅವನ ಪಾದಕ್ಕೆ ಸಾಕ್ಸು ತೊಡಿಸಿದಳು. ಹಿಮ್ಮಡಿಯ ಹತ್ತಿರ ಸುಕ್ಕಾಗಿದ್ದುದನ್ನು ಎಳೆದು ಸರಿಮಾಡಿ, ಪಾದವನ್ನು ಒಂದು ಸಲ ಕೈಯಲ್ಲಿ ಹಿಡಿದುಕೊಂಡಳು.

ಆರು ಜನ ಪೆಟ್ಟಿಗೆಯನ್ನು ಹೊತ್ತು ತಂದು, ಕಾಲು ಮುಂದೆ ಮಾಡಿ ವ್ಯಾನಿನೊಳಗೆ ಸರಿಸಿದರು. ಅದು ಹಲಗೆ ದಾಟಿ ಖಾನೆಯೊಳಗೆ ಹೋಗಿ ನಿಂತಿತು. ಹಾಯಾಶಿ-ಸಾನ್ ತಾವೇ ಪಟ್ಟಿಗಳನ್ನು ಬಿಗಿದು, ಎರಡೂ ಕಡೆ ಅಲುಗಾಡಿಸಿ ನೋಡಿ, ಹಿಂಬಾಗಿಲು ಮುಚ್ಚಿದರು. ಮುಚ್ಚಿತು. ಆಮೇಲೆ ಅವರು, ಓಡಿಸುವವರು ಯಾರು ಎಂದು ವಿನಯದಿಂದ ಕೇಳಿದರು.

ಸಿಂಧೂರಾ ತಲೆ ತಗ್ಗಿಸಿದಳು. ಅವಳ ಲೈಸೆನ್ಸು ಎಂಟು ವರ್ಷದಿಂದ ಪರ್ಸಿನಿಂದ ಹೊರಗೆ ಬಂದಿರಲಿಲ್ಲ.

"ನಾನೇ," ಎಂದಳು ವೇದವಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತು ಕೀಲಿ ತಿರುಗಿಸಿದಳು. ಪೀಂ ಪೀಂ ಎಂದು ಗಾಡಿ ಬಡಿದುಕೊಳ್ಳತೊಡಗಿತು.

ಅಮ್ಮನ ಪಕ್ಕ ಕೂರಲು ಸಿಂಧೂರಾ ಎಡಬಾಗಿಲು ತೆರೆದಳು. ಸೀಟಿನ ಮೇಲೆ ಅಕ್ಕಿ ಡಬ್ಬಿ ಇತ್ತು. ಅಮ್ಮ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದಳು. ಸಿಂಧೂರಾ ಡಬ್ಬಿಯನ್ನು ಎತ್ತಿಕೊಳ್ಳಲು ಕೈ ಚಾಚಿದವಳು ಕೈ ಹಿಂದಕ್ಕೆ ತೆಗೆದಳು. ಬೆಲ್ಟು ಎಳೆದು, ಡಬ್ಬಿಯ ಮೇಲಿಂದ ಹಾಯಿಸಿ, ಕ್ಲಿಕ್ಕೆನ್ನಿಸಿದಳು. ಗಾಡಿ ಸುಮ್ಮನಾಯಿತು.

"ನಾನು ಮಧುಕರ್ ಅಂಕಲ್ ಕಾರಲ್ಲಿ ಹಿಂದೆ ಬರ್ತೀನಿ ಅಮ್ಮ," ಎಂದಳು. "ಇಲ್ಲಿ ಸೀಟ್ ಇಲ್ಲ."

ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಪಾರ್ಕಿಂಗಿನಲ್ಲಿದ್ದವರೆಲ್ಲ ಸೊಂಟ ಬಗ್ಗಿಸಿ ನಿಂತರು. ಕನ್ನಡದವರೂ ಈ ಸಲ ಸಾಲಾಗಿಯೇ ನಿಂತಿದ್ದರು. ವ್ಯಾನು ಗೇಟಿನವರೆಗೆ ಹೋಗಿ, ರಸ್ತೆಗಿಳಿಯುವ ಮೊದಲು ನಿಂತಿತು. ಎಡಕ್ಕೋ ಬಲಕ್ಕೋ ಎಂದು ಕೇಳಲು ವೇದವಲ್ಲಿ ಪಕ್ಕಕ್ಕೆ ತಿರುಗಿದಳು. ಅಕ್ಕಿ ಡಬ್ಬಿ ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿತ್ತು.